ಅರಸೀಕೆರೆಯಿಂದ ದ್ವೀಪಕ್ಕೆ

ಮೇಷ್ಟರುಗಳೇ ಸೇರಿ ಪ್ರವಾಸದ ಯೋಜನೆ ಹಾಕಿದರೆ ಅದು ನೆಟ್ಟಗೆ ನಡೆದದ್ದನ್ನು ನಾನಂತೂ ನೋಡಿಲ್ಲ. ಅರುವತ್ತರ ದಶಕದ ಮಾತು. ನಾನಾಗ ಅರಸೀಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ಮಲ್ಪೆಯಾಚೆ ಸಮುದ್ರದ ನಡುವೆ ಬರೀ ಕಲ್ಲುಬಂಡೆಗಳ ದ್ವೀಪವೊಂದಿದೆ, ಒಂದು ಭಾನುವಾರ ಹೋಗಿಬರೋಣ ಎಂದು ಭೂಗೋಳದ ಮೇಷ್ಟರು ಆಸೆ ಹುಟ್ಟಿಸಿದರು.

ದೂರ

"ಒಂದೇ ದಿನದಲ್ಲಿ ಆಗುತ್ತೇನ್ರೀ?" ಎಂದರು ಹೆಡ್‌ಮಾಸ್ಟರು.

ಭೂಗೋಳದವರು ಗೋಡೆಯ ಭೂಪಟಕ್ಕೆ ಕೈಯಿಟ್ಟರು. "ನೋಡಿ ಸಾರ್, ಒಂದು ಗೇಣೂ ಇಲ್ಲ."

"ನಡುವೆ ಘಟ್ಟ ಇದೆಯಲ್ರೀ?"

ಅವರು ಭೂಪಟವನ್ನು ಇನ್ನೊಮ್ಮೆ ಸವರಿ ನೋಡಿದರು. "ಇಲ್ಲ ಸಾರ್, ನುಣ್ಣಗಿದೆ!"

ದಾಟುವುದು

ಸಂಸ್ಕೃತ ಪಂಡಿತರಿಗೆ ಆಸೆಯೂ ಇತ್ತು, ಅಳುಕೂ ಇತ್ತು. "ಸಮುದ್ರ ದಾಟಬಾರದು ಅಂತಾರಲ್ರೀ."

"ಪೂರ್ತಿ ದಾಟೋಲ್ಲ ಪಂಡಿತರೇ, ಸ್ವಲ್ಪ ದೂರ ಹೋಗಿ ವಾಪಸ್ ಬರ್ತೀವಿ" ಎಂದೆ.

ಪಂಡಿತರು ಯೋಚಿಸಿದರು. "ಹಾಗಾದ್ರೆ ಬರ್ತೀನಿ. ಪ್ರಾಯಶ್ಚಿತ್ತಾನೂ ಸ್ವಲ್ಪವೇ ಮಾಡಿಕೊಂಡ್ರಾಯ್ತು."

ಈಜು

ದೋಣಿ ಮಗುಚಿದರೆ? ಈಜು ಕಲಿಯಲೇಬೇಕೆಂದು ಹೆಡ್‌ಮಾಸ್ಟರು ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ತೋಟದ ಬಾವಿಗಿಳಿದರು. ಕಾಯಿ ಜಾರಿ ಕಾಲಿಗೆ ಬಂತು. ಕಾಲು ಮೇಲೆ, ತಲೆ ಕೆಳಗೆ! ಎಲ್ಲರೂ ಸೇರಿ ಎಳೆದು ಹಾಕಿದೆವು.

"ಹೇಗಾಯ್ತು ಸಾರ್?"

"ತೆಂಗಿನಕಾಯಿ ಚೆನ್ನಾಗಿ ಈಜುತ್ತೆ ಕಣ್ರೀ" ಎಂದರು, ನೀರು ಉಗುಳುತ್ತಾ.

ದ್ವೀಪ

ಅಂತೂ ಭಾನುವಾರ ಬೆಳಗ್ಗೆ ಹೊರಟೆವು. ಹಳೇಬೀಡು ಮುಟ್ಟುವಷ್ಟರಲ್ಲಿ ಬಸ್ಸು ಬುಸ್ಸೆಂದು ಹೊಗೆಯಾಡಿ ನಿಂತಿತು. ಇನ್ನು ಸಂಜೆಯವರೆಗೂ ಹೊರಡುವಂತಿಲ್ಲ. ಎಲ್ಲರ ಮುಖ ಸಪ್ಪಗಾಯಿತು. ಹೆಡ್‌ಮಾಸ್ಟರು ಅಲ್ಲಿನ ಕೆರೆ ಏರಿಯ ಮೇಲೆ ನಿಂತು ಕೈ ತೋರಿಸಿದರು: "ಸುತ್ತ ನೀರಿದೆ, ನಡುವೆ ಬಂಡೆಯಿದೆ. ದ್ವೀಪಕ್ಕೆ ಇನ್ನೇನ್ರೀ ಬೇಕು?"

ಮೀನು ಹಿಡಿಯುವವನೊಬ್ಬ ತನ್ನ ಹರಿಗೋಲಿನಲ್ಲಿ ನಮ್ಮನ್ನು ಆ ಬಂಡೆಗೆ ಬಿಟ್ಟು, "ಉಂಡು ಬತ್ತೀನಿ ಸಾಮಿ" ಎಂದು ಹೋದ. ಹೋದವನು ಬರಲೇ ಇಲ್ಲ. ಬಿಸಿಲಿಗೆ ಬಂಡೆ ಕಾದು ನಿಲ್ಲಲಾಗದೆ ನಾವು ಕುಣಿಯತೊಡಗಿದೆವು. ಕೂಗಿದರೆ ಕೇಳುವವರಿಲ್ಲ. ಪಂಡಿತರು ಹೆಂಡತಿ ಮಕ್ಕಳನ್ನು ನೆನೆದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ದಡದ ಕಡೆಯಿಂದ ಎಮ್ಮೆಯೊಂದು ನೀರಿನಲ್ಲಿ ನಿಧಾನವಾಗಿ ನಡೆದು ಬಂತು. ನೀರು ಅದರ ಹೊಟ್ಟೆಯನ್ನೂ ಮುಟ್ಟಿರಲಿಲ್ಲ! ನಮ್ಮನ್ನು ನೋಡಿ, ಮೂಸಿ, ಬಂದ ದಾರಿಯಲ್ಲೇ ತಿರುಗಿತು. ಹೆಡ್‌ಮಾಸ್ಟರು ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಇಳಿದರು. ಅವರ ಹಿಂದೆ ಪಂಡಿತರು, ಭೂಗೋಳ, ನಾನು, ಸಾಲಾಗಿ.

ದಡದಲ್ಲಿ ಎಮ್ಮೆಯ ಒಡತಿ ಕೋಲು ಹಿಡಿದು ಕಾದಿದ್ದಳು. "ಯಾವೂರ ಕಳ್ಳರಪ್ಪಾ ನೀವು? ಹಾಡಹಗಲಲ್ಲೇ ನನ್ನ ಎಮ್ಮೆ ಹೊಡ್ಕೊಂಡು ಹೋಗ್ತಿದೀರಾ?"

ಹೆಡ್‌ಮಾಸ್ಟರು ಎರಡೂ ಕೈ ಜೋಡಿಸಿದರು.

"ನಾವು ಹೊಡ್ಕೊಂಡು ಹೋಗ್ತಿಲ್ಲ ತಾಯಿ. ಅದೇ ನಮ್ಮನ್ನ ಹೊಡ್ಕೊಂಡು ಬಂತು!"