ಬಾಳಮ್ಮನ ಕೊರಡು

ಹೊಸ ಮೀನು ಮಾರ್ಕೆಟ್ಟಿನ ಮೊದಲ ಕಟ್ಟೆ ಊರಿನ ಎಲ್ಲಕ್ಕಿಂತ ಹಳೆಯ ಅಂಗಡಿಗೆ ಎಂದು ಆಫೀಸರು ಹೇಳಿದ ದಿನ, ತನಗೊಂದು ಚರಿತ್ರೆ ಬೇಕೆಂದು ಸಾಯಪ್ಪನಿಗೆ ಅನ್ನಿಸಿತು. ಅದುವರೆಗೆ ಅವನಿಗೆ ಮೀನಿದ್ದರೆ ಸಾಕಾಗಿತ್ತು.

ಅದು ಎಪ್ಪತ್ತಾರನೇ ಇಸವಿ, ಜಹೀರಾಬಾದು. ಆ ಕಟ್ಟೆಯ ಹಿಂದೆಯೇ ಸಾಯಪ್ಪನ ಮನೆಯವರ ಖಾನಾವಳಿ. ಮುಂದೆ ಮೀನು, ಹಿಂದೆ ರೊಟ್ಟಿ-ಸಾರು. ಮುಂದಿನದು ಕೈತಪ್ಪಿದರೆ ಹಿಂದಿನ ಒಲೆ ಆರಿದಂತೆಯೇ. ಎದುರಂಗಡಿಯ ಆತ್ಮಾರಾಮನೂ ಅದೇ ಕಟ್ಟೆ ಕೇಳಿದ್ದ. ಎರಡು ಮನೆಗಳ ನಡುವೆ ಮಾತು ನಿಂತು ಇಪ್ಪತ್ತು ವರ್ಷ. ಯಾಕೆ ನಿಂತಿತೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ, ಆದರೂ ಹಿರಿಯರ ಆಸ್ತಿಯಂತೆ ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದರು.

“ಸಂಜಿ ನಾಕಕ್ಕ ಪುರಾವೆ ತರ್ರಿ” ಎಂದಿದ್ದರು ಆಫೀಸರು.

ಸಾಯಪ್ಪ ಅಜ್ಜಿಯ ಬಳಿಗೆ ಓಡಿದ. “ಆಯಿ, ನಮ್ಮ ಅಂಗಡಿ ಯಾವ ಇಸವ್ಯಾಗ ಸುರು ಆತು?”

ಬಾಳಮ್ಮ ರೊಟ್ಟಿ ತಟ್ಟುವುದು ನಿಲ್ಲಿಸಲಿಲ್ಲ. “ಮಾಂಜ್ರಾ ಹೊಳಿ ದಂಡ್ಯಾಗ ಇಬ್ಬರು ಹುಡುಗ್ಯಾರಿದ್ರಪ್ಪಾ. ಇಬ್ಬರಿಗೂ ಕೂಡಿ ಒಂದೇ ಬಲಿ…”

ಚಿಕ್ಕವನಿದ್ದಾಗ ಆ ಹುಡುಗಿಯರು ಬಲೆ ಬೀಸುವ ಹೊತ್ತಿಗೇ ಸಾಯಪ್ಪನಿಗೆ ನಿದ್ದೆ ಹತ್ತುತ್ತಿತ್ತು. “ಕತಿ ಬ್ಯಾಡ ಆಯಿ, ಇಸವಿ ಹೇಳು.”

“ಇಸವಿ ನನಗ್ಯಾರು ಕಲಿಸ್ಯಾರ?”

ಚಹಾದಂಗಡಿಯ ಶಿವರಾಯನಿಗೆ ಮಾತ್ರ ದಾರಿ ಹೊಳೆಯಿತು. “ನಿಮ್ಮ ಆಯಿ ಮೀನ ಕೊಯ್ತಿದ್ದ ಹುಣಸಿ ಕೊರಡು ನ್ಯಾಲ್ಕಲ್ಲಿನ ನಿಮ್ಮ ಹಳೇ ಮನ್ಯಾಗ ಐತಲ್ಲೋ. ಅದರ ಸವಕಳಿ ನೋಡಿದ್ರ ಅಂಗಡಿ ಎಷ್ಟು ಹಳೇದಂತ ಯಾರಾದ್ರೂ ಹೇಳ್ತಾರ. ಬರೇ ಕಟಗಿ ಅನ್ನಬಾರದಂದ್ರ ಒಂದೀಟು ಅರಿಷಿಣ ಕುಂಕುಮ ಹಚ್ಚು.”

ಸಾಯಪ್ಪ ನ್ಯಾಲ್ಕಲ್ಲಿಗೆ ಹೋಗಿ ಹಚ್ಚಿದ. ಅದೇ ತಪ್ಪಾಯಿತು. ನ್ಯಾಲ್ಕಲ್ಲಿನಿಂದ ಬರುವ ಜೀಪಿನಲ್ಲಿ ಅಮೃತಬಾಯಿ ಎಂಬ ಹೆಂಗಸು ಕೊರಡನ್ನು ಕಂಡವಳೇ ಎದ್ದು ನಿಂತು ಜಾಗ ಬಿಟ್ಟಳು.

“ಯಾವ ತಾಯಿರಿ ಇಕಿ?”

“ತಾಯಿ ಅಲ್ಲರಿ, ಇದು ಮೀನಿನ…”

“ಹೊಳಿ ದಂಡಿ ತಾಯಿ ಇರಬೇಕು. ವಾಸನಿ ನೋಡ್ರಿ.”

ಜೀಪಿಗೆ ಜೀಪೇ ಕೈ ಮುಗಿಯಿತು. ಕೊರಡು ಸೀಟಿನ ಮೇಲೆ ಹೊಸ ಮದುಮಗಳಂತೆ ಕುಳಿತು ಬಂದರೆ, ಸಾಯಪ್ಪ ಹಿಂದೆ ಒಂದು ಕಾಲೂರಿ ಜೋತುಬಿದ್ದು ಬಂದ. ದಾರಿಯಲ್ಲಿ ಎರಡು ಕಡೆ ಜೀಪು ನಿಲ್ಲಿಸಿ ಹೂವು ಏರಿಸಿದರು. ಜಹೀರಾಬಾದಿನಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಇಳಿದಾಗ ಹಿಂದೆ ಒಂದು ಬೆಕ್ಕಿತ್ತು. ಮಾರ್ಕೆಟ್ಟು ಮುಟ್ಟುವಷ್ಟರಲ್ಲಿ ಏಳಾದವು.

ಆಫೀಸರು ಕಂಡ ಕೂಡಲೇ ಚಪ್ಪಲಿ ಬಿಟ್ಟರು. ಹತ್ತಿರ ಹೋಗಿ ಮೂಸಿ ಮತ್ತೆ ಹಾಕಿಕೊಂಡರು. ಹೂವು ಸರಿಸಿ ನೋಡಿದಾಗ ಕೊರಡಿನಲ್ಲಿ ಬಟ್ಟಲಿನಷ್ಟು ಆಳದ ಕುಳಿ.

“ಹಳೇದು ಹೌದು” ಎಂದರು. ಸಾಯಪ್ಪನ ಎದೆ ಉಬ್ಬಿತು. “ಆದ್ರ ಆ ತುದ್ಯಾಗ ಇನ್ನೊಂದು ಕುಳಿ ಐತಲ್ಲ, ಅದು ಯಾರದು?”

“ನಮ್ಮ ಆಯಿ ಎರಡೂ ಕೈಲೆ ಕೊಯ್ತಿದ್ಲರಿ.”

“ಎದುರಾಬದುರು ಅದಾವ. ನಡುವ ಎದ್ದು ಆಕಡಿ ಹೋಗಿ ಕುಂಡ್ರತಿದ್ಲೇನು?”

ಖಾನಾವಳಿಯ ಬಾಗಿಲಿನಿಂದ ಬಾಳಮ್ಮ ಅಂದಳು: “ಅದು ಪೋಚಮ್ಮಂದರಿ.”

ಪೋಚಮ್ಮ ಎಂದರೆ ಆತ್ಮಾರಾಮನ ಅಜ್ಜಿ.

“ಒಂದು ಬಲಿ, ಒಂದು ಕೊರಡು, ಇಬ್ಬರು ಹುಡುಗ್ಯಾರು. ಕತಿ ಪೂರಾ ಕೇಳಂದ್ರ ಇವ ಯಾವಾಗ ಕೇಳ್ಯಾನ? ಬೀದರ ಜಿಲ್ಲಾ ಹರಿದು ನಮ್ಮೂರು ಆಂಧ್ರಕ್ಕ ಹೋದ ವರ್ಷ ನಾವೂ ಹರಕೊಂಡ್ವಿ.”

ಆಫೀಸರು ಬರೆದರು: ಕಟ್ಟೆ ಒಂದು, ಮನೆ ಎರಡು.

ಎದುರಂಗಡಿಯಿಂದ ಪೋಚಮ್ಮ ಗೋಡೆ ಹಿಡಿದು ನಿಧಾನವಾಗಿ ಬಂದು ಕೊರಡಿನ ಆ ತುದಿಗೆ ಕುಳಿತಳು. ತನ್ನ ಕುಳಿಯೊಳಗೆ ಹೆಬ್ಬೆರಳು ಆಡಿಸಿದಳು. ಬಾಳಮ್ಮ ಈ ತುದಿಗೆ ಕುಳಿತಳು. ಅವರ ಮುಖ ನೋಡುತ್ತ, ಅರ್ಧ ಕಟ್ಟೆಯಾದರೂ ಸಾಕು ಎಂದು ಸಾಯಪ್ಪನಿಗೆ ಅನ್ನಿಸಿಬಿಟ್ಟಿತು.

“ಆಯಿ,” ಅವನು ಮೆತ್ತಗೆ ಕೇಳಿದ, “ಹಂಗಾರ ನೀವು ಜಗಳಾಡಿದ್ದು ಯಾಕ?”

ಬಾಳಮ್ಮ ಬಾಯಿ ತೆರೆಯುವ ಮೊದಲೇ ಆತ್ಮಾರಾಮ ಹತ್ತಿರ ಬಂದ. ಇಪ್ಪತ್ತು ವರ್ಷದ ಮೇಲೆ ಆ ಮನೆಯಿಂದ ಈ ಮನೆಗೆ ಮೊದಲ ಮಾತು.

“ಅದೆಲ್ಲ ಇರಲಿ ಸಾಯಪ್ಪಣ್ಣ. ರಾತ್ರಿ ಅಂಗಡಿ ಮುಚ್ಚಿದ ಮ್ಯಾಲ ಈ ಕೊರಡು ಯಾರ ಮನ್ಯಾಗ ಇರಬೇಕು?”

ಇಬ್ಬರು ಮುದುಕಿಯರೂ ಒಟ್ಟಿಗೇ ತಲೆ ಎತ್ತಿದರು.

“ಇದಕ್ಕ ನೋಡಪ್ಪಾ ನಾವು ಜಗಳಾಡಿದ್ದು” ಎಂದಳು ಬಾಳಮ್ಮ.