ನಕ್ಷೆಯೊಳಗಿನ ಆವು

ಇನ್ನು ಈ ಜನ್ಮದಲ್ಲಿ ನಾನು ಏನನ್ನೂ ಮರೆಯುವುದಿಲ್ಲ ಎಂದು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಹೆಂಡತಿ ಶಾರದಾ ಘೋಷಣೆ ಮುಗಿಯುವವರೆಗೂ ಕಾದು, "ಹಾಲು ತಂದೀರೇನ್ರಿ?" ಅಂದಳು.

ಮರೆತಿದ್ದೆ!

ಆದರೆ ಅದು ಹಳೆಯ ನಾಗರಾಜ. ಹೊಸ ನಾಗರಾಜ ಅಂದು ಮಧ್ಯಾಹ್ನವಷ್ಟೇ ಕಚೇರಿಯ ತರಬೇತಿಯಲ್ಲಿ ಜನ್ಮ ತಾಳಿದ್ದ. ತರಬೇತಿಗೆ ಬಂದಿದ್ದ ಮಹಾಶಯರು ಮೈಂಡ್ ಮ್ಯಾಪ್ ಎಂಬ ವಿದ್ಯೆಯನ್ನು ನಮಗೆ ತೆಲುಗಿನಲ್ಲಿ ಧಾರೆಯೆರೆದಿದ್ದರು. ಹಾಳೆಯ ನಡುವೆ ಒಂದು ವೃತ್ತ, ಅದರೊಳಗೆ ನಿಮ್ಮ ತಲೆನೋವು. ವೃತ್ತದಿಂದ ಕೊಂಬೆಗಳು, ಕೊಂಬೆಗಳಿಂದ ರೆಂಬೆಗಳು. ಒಂದು ಕೊಂಬೆಗೆ ಒಂದೇ ಪದ. ಪದದ ಬದಲು ಚಿತ್ರವಾದರೆ ಇನ್ನೂ ಶ್ರೇಷ್ಠ. ಇಷ್ಟು ಮಾಡಿದರೆ ತಲೆ ಹಗುರ, ನೆನಪು ಗಟ್ಟಿ, ಕಚೇರಿಯಲ್ಲಿ ಒಳ್ಳೆಯ ಹೆಸರು, ಮನೆಯಲ್ಲಿ ಸಾಮರಸ್ಯ!

ಮರುದಿನವೇ ಕಚೇರಿಯಲ್ಲಿ ನನ್ನ ಕೆಲಸಗಳಿಗೆಲ್ಲ ಒಂದು ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿದೆ. ನನಗೆ ಎಷ್ಟು ಕಡಿಮೆ ಕೆಲಸವಿದೆ ಎಂಬುದು ಮೇಲಧಿಕಾರಿಗೆ ಒಂದೇ ನೋಟಕ್ಕೆ ತಿಳಿದುಹೋಯಿತು. ಸಂಜೆಯೊಳಗೆ ಪಕ್ಕದವರ ಫೈಲುಗಳೂ ನನ್ನ ಮೇಜಿಗೆ ಬಂದವು. ವಿದ್ಯೆಗೆ ಶಕ್ತಿ ಇದೆ ಎಂಬುದು ಖಾತ್ರಿಯಾಯಿತು.

ಆಗ ಆಂಧ್ರದ ಗಡಿಯ ಮಡಕಶಿರದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಅಣ್ಣ ಮೂಡ್ಲಗಿರಿ ಅವ್ವನ ಜೊತೆ ಅಮರಾಪುರದ ಹತ್ತಿರದ ನಮ್ಮೂರಲ್ಲಿದ್ದಾನೆ. ಹೊಲ, ಕುರಿ, ಹಸು ಎಲ್ಲ ನೋಡಿಕೊಳ್ಳುವವನು ಅವನೇ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನೂ ಅವನೇ. ಹಸು ಹಿಡಿದುಕೊಂಡು ಅವನು ಮುಂದೆ ನಡೆಯದಿದ್ದರೆ ಆ ಹೊಸ್ತಿಲು ದಾಟಲು ನನಗೆ ಮನಸ್ಸಿರಲಿಲ್ಲ. ಇಂಥ ಮಹತ್ಕಾರ್ಯವನ್ನು ಬಾಯಿಮಾತಿಗೆ ಬಿಡಲಾದೀತೇ? ನಕ್ಷೆ ಬಿಡಿಸಲು ಕೂತೆ.

ನಮ್ಮ ಮನೆಯಲ್ಲಿ ಮಾತು ಕನ್ನಡ, ಓದಿದ್ದು ತೆಲುಗು ಶಾಲೆ. ಹಾಗಾಗಿ ಕನ್ನಡವನ್ನೇ ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ. ನಡುವಿನ ವೃತ್ತದಲ್ಲಿ ‘ಮನೆ’ ಎಂದು ಬರೆದೆ. ಒಂದು ಕೊಂಬೆ ‘ಅಣ್ಣ’. ಅದಕ್ಕೆ ಎರಡು ರೆಂಬೆ: ‘ಆವು’, ‘ಪಾಲು’. ತರಬೇತಿಯ ತೆಲುಗು ಇನ್ನೂ ಕೈಯಲ್ಲೇ ಇತ್ತು ನೋಡಿ! ತೆಲುಗಿನಲ್ಲಿ ಆವು ಅಂದರೆ ಹಸು, ಪಾಲು ಅಂದರೆ ಹಾಲು. ಅಣ್ಣ ಹಸುವನ್ನೂ ಉಕ್ಕಿಸಲು ಹಾಲನ್ನೂ ತರಬೇಕು ಎಂದರ್ಥ. ಹಸುವಿನ ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ಅದರ ಹಗ್ಗವನ್ನು ಸುರುಳಿ ಸುರುಳಿಯಾಗಿ ಬಿಡಿಸಿದೆ. ಇನ್ನೊಂದು ಕೊಂಬೆ ‘ಅವ್ವ’. ಅವಳು ಹಿಂದಿನ ದಿನವೇ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಪೂಜೆಗೆ ಐನೋರನ್ನು ಕರೆಯುವ ಕೆಲಸ ಶಾರದಾಳದು. ಅವಳ ಕೊಂಬೆಯ ತುದಿಗೆ ಒಂದು ಗುಂಡು ತಲೆ, ಮೇಲೊಂದು ಜುಟ್ಟು. ಅಲ್ಲಿ ಪದವೇ ಬೇಕಾಗಲಿಲ್ಲ!

"ನನ್ನ ಕೆಲಸ ತಿಳೀತು ಬಿಡ್ರಿ" ಅಂದಳು ಶಾರದಾ.

ನಾನು ಹಿಗ್ಗಿ ಹೀರೇಕಾಯಿಯಾದೆ. ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ‘ಎಲ್ಲಾ ಇದರಂತೆಯೇ ನಡೆಯಬೇಕು’ ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಅಣ್ಣ ಗುಂಪಿನಿಂದಲೇ ಹೊರಗೆ ಹೋದ. ಕೈತಪ್ಪಿ ಒತ್ತಿರಬೇಕು ಎಂದುಕೊಂಡೆ. ಆಮೇಲೆ ಅಕ್ಕನ ಗಂಡ, ನಮ್ಮ ಬಾವ, ಫೋನ್ ಮಾಡಿದರು.

"ಏನಪ್ಪ ನಾಗರಾಜ, ಅಣ್ಣನತ್ರ ಪಾಲು ಕೇಳಿದ್ಯಂತೆ?"

ಬಾವನೂ ತರಬೇತಿಯ ತೆಲುಗಿಗೆ ಬಂದರಲ್ಲ ಎಂದು ಸಂತೋಷವಾಯಿತು. "ಔದು ಬಾವ. ಅವನಲ್ದೆ ಇನ್ಯಾರು ಕೊಡ್ತಾರೆ?"

"ಎಷ್ಟು ಕೇಳಿದ್ದೀಯ?"

"ಒಂದಿಷ್ಟು ಕೊಟ್ರೆ ಸಾಕು. ಉಳಿದಿದ್ದು ನಾನೇ ನೋಡ್ಕಂತೀನಿ."

"ಯಾವತ್ತು?"

"ಗೃಹಪ್ರವೇಶದ ದಿನಾನೇ. ಎಲ್ರ ಎದುರಿಗೆ!"

ಬಾವ ನಿಟ್ಟುಸಿರುಬಿಟ್ಟು, "ಆಗ್ಲಪ್ಪ, ದೊಡ್ಡೋರು ಅಂತ ಒಬ್ರು ಇರ್ಬೇಕು, ನಾನೂ ಬತ್ತೀನಿ" ಅಂದರು.

ಅಣ್ಣ ಮಾತ್ರ ಫೋನ್ ಎತ್ತಲೇ ಇಲ್ಲ. ಬೈಕ್ ಹತ್ತಿ ಊರಿಗೆ ಹೋದೆ. ಅಣ್ಣ ಜಗುಲಿಯ ಮೇಲೆ ಕೂತಿದ್ದ.

"ಬಾ ಸಾಹೇಬ. ನಾನು ಆವೇನ್ಲಾ?"

ಆಗ ತಲೆಗೆ ಹೊಳೆಯಿತು! ಶಾರದಾ ರಾಯದುರ್ಗದವಳು. ಅವರ ಕಡೆ ಹಾವಿಗೆ ‘ಹ’ ಇದೆ. ನಮ್ಮ ಕಡೆ ಆ ‘ಹ’ ಎಂದೋ ಉದುರಿಹೋಗಿ, ಹಾವು ಬರೀ ಆವು. ಅವಳ ಮಾತು ಕೇಳಿ ಕೇಳಿ ಅದನ್ನೇ ಮರೆತಿದ್ದೆ.

"ಓದ್ಸಿದ್ದಕ್ಕೆ ಅಣ್ಣ ಆವು ಅಂತ ಬರ್ದಿದ್ದೀಯ. ಮಗ್ಗುಲಲ್ಲಿ ಸುತ್ಕಂಡು ಕುಂತಿರೋ ಆವಿನ ಬೊಂಬೆ ಬೇರೆ!"

"ಅದು ಅಗ್ಗ ಕಣಣ್ಣ!"

"ಯಾರನ್ನ ಕಟ್ಟಾಕಾಕೆ?"

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. "ಪಾಲು ಕೇಳಿದ್ದು ಇರ್ಲಿ ಕಣಪ್ಪ. ನನ್ನ ಎಸ್ರಿನ ಮುಂದೆ ಕೊಕ್ಕೆ ಯಾಕಾಕಿದ್ದೀಯ? ಮುದುಕೀನ ಯಾರು ಇಟ್ಕಬೇಕು ಅಂತಲಾ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಅವ್ವ, ಅದು ತೆಲುಗಿನ ಆವು! ಅಸ! ತೆಲುಗಿನ ಪಾಲು, ಆಲು! ಆಲು ಉಕ್ಸೋಕೆ! ನೀನು ಮುಂಚೆನೇ ಬತ್ತೀಯೋ ಇಲ್ವೋ ಅಂತ ಆ ಕೊಕ್ಕೆ!" ಎಂದು ಒಂದೇ ಉಸಿರಿನಲ್ಲಿ ಕೂಗಿದೆ.

ಅಣ್ಣ ಫೋನಿನ ಫೋಟೋವನ್ನು ಮತ್ತೊಮ್ಮೆ ನೋಡಿದ. "ಅಣ್ಣ ಅನ್ನೋದು ಯಾವ ಭಾಷೆದು?"

"ಕನ್ನಡ."

"ಅದರ ಮಗ್ಗುಲಿಂದು ತೆಲುಗು! ‘ಅಣ್ಣ, ಅಸ ಇಡ್ಕಂಡು ಬಾ’ ಅಂತ ಬಾಯಲ್ಲಿ ಏಳಿದ್ರೆ ನಾಲ್ಗೆ ಸವೀತಿತ್ತಾ?"

"ಒಂದು ಕೊಂಬೆಗೆ ಒಂದೇ ಪದ ಅಣ್ಣ..."

"ಎಸ್ರಲ್ಲೇ ಆವು ಇಟ್ಕಂಡಿರೋನು ನೀನು ಕಣ್ಲಾ, ನಾಗರಾಜ!"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅಣ್ಣ ನಗಲಿಲ್ಲ. "ಅಸ ಕಳಿಸ್ತೀನಿ. ನಾನು ಬರೋದು ನೋಡಾನ" ಅಂದ.

ಗೃಹಪ್ರವೇಶದ ಬೆಳಿಗ್ಗೆ ಬಾಗಿಲಲ್ಲಿ ನಿಂತು ರಸ್ತೆಯನ್ನೇ ನೋಡುತ್ತಿದ್ದೆ. ಟೆಂಪೋ ಬಂತು. ಮುಂದುಗಡೆಯಿಂದ ಹಾಲಿನ ಚೊಂಬು ಹಿಡಿದು ಅವ್ವ ಇಳಿದಳು. ಹಿಂದುಗಡೆಯಿಂದ ಹಸು ಇಳಿಯಿತು. ಹಗ್ಗದ ಇನ್ನೊಂದು ತುದಿಯಲ್ಲಿ ಹೊಸ ಪಂಚೆ ಉಟ್ಟ ಅಣ್ಣ!

"ನೋಡ್ಕ, ನಿನ್ನ ಆವು ಬಂತು" ಅಂದ. ನನಗೆ ಅಳುವೇ ಬಂತು. ಮೈಂಡ್ ಮ್ಯಾಪ್ ಗೆದ್ದಿತು ಎಂದುಕೊಂಡೆ.

"ಐನೋರೆಲ್ಲಿ?" ಅಂದ ಅಣ್ಣ.

ನಾನು ಶಾರದಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು.

"ನಿನ್ನ ಕೊಂಬೆಯಲ್ಲಿ ಬಿಡಿಸಿದ್ದೆನಲ್ಲೇ! ಗುಂಡು ತಲೆ, ಜುಟ್ಟು!"

"ಅಯ್ಯ! ಅದು ಉಳ್ಳಾಗಡ್ಡಿ ಅಲ್ಲೇನ್ರಿ?"

ಮೂಲೆಯಲ್ಲಿ ಒಂದು ಮೂಟೆ ಈರುಳ್ಳಿ ಕೂತಿತ್ತು.

ಅಣ್ಣ ಹಗ್ಗವನ್ನು ನನ್ನ ಕೈಗೆ ಕೊಟ್ಟು ಬೈಕಿನ ಕೀ ಕಿತ್ತುಕೊಂಡ. "ತಡೀಲಾ, ಆವು ಓಗಿ ಕರ್ಕಂಡ್ ಬತ್ತೈತೆ" ಎಂದು ಹೊರಟ. ಹೋಗುವಾಗ ಅವನ ಬೆನ್ನು ಕುಲುಕುತ್ತಿತ್ತು. ನಗುತ್ತಿದ್ದ!

ಅಂತೂ ಐನೋರು ಬಂದರು. ಅಣ್ಣನ ಹಸು ಮುಂದೆ, ನಾವು ಹಿಂದೆ ಹೊಸ್ತಿಲು ದಾಟಿದೆವು. ಹಾಲು ಉಕ್ಕಿತು. ಅಷ್ಟು ಈರುಳ್ಳಿಯಲ್ಲಿ ಒಂದಿಷ್ಟು ಊಟಕ್ಕಾದರೂ ಆಗಲಿ ಎಂದು ಅವ್ವ ಹಜಾರದಲ್ಲೇ ಹೆಚ್ಚಲು ಕೂತಳು. ಸರಿಯಾಗಿ ಆಗ ಬಾವ ಬಂದರು. ಕಣ್ಣೀರು ಸುರಿಸುತ್ತಿರುವ ಅವ್ವನನ್ನು ಕಂಡು ಬಾಗಿಲಲ್ಲೇ ನಿಂತು, "ಪಾಲು ಆಗೋಯ್ತೇನಪ್ಪ?" ಅಂದರು ಗದ್ಗದಿತರಾಗಿ.

"ಉಕ್ಕಿತ್ರಿ!" ಎಂದು ಶಾರದಾ ಒಳಗಿನಿಂದ ಕೂಗಿದಳು.

ಕೊನೆಗೆ ನಮ್ಮ ಮನೆಯಲ್ಲಿ ಪಾಲಾದದ್ದು ಈರುಳ್ಳಿ ಮಾತ್ರ. ದೊಡ್ಡೋರಾಗಿ ಬಾವನೇ ಕೂತು ಪಾಲು ಮಾಡಿದರು. ಅವರ ಪಾಲಿಗೆ ಚೀಲ ಇರಲಿಲ್ಲ, ತರಲು ಮರೆತಿದ್ದೆ. ಹೊಸ ಮನೆಯ ಗೋಡೆಗೆ ಅಂಟಿಸಿದ್ದ ಮೈಂಡ್ ಮ್ಯಾಪ್ ಕಿತ್ತು ಪೊಟ್ಟಣ ಕಟ್ಟಿಕೊಟ್ಟೆ. ಅದು ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು!