ಸಹೋದರ ನಿಲಯದ ಪೂರ್ತಿ ಹಾಜರಿ

ಸಪ್ತಾಪುರದ ಸಹೋದರ ನಿಲಯಕ್ಕೆ ಸದಸ್ಯರು ಹನ್ನೊಂದು ಮಂದಿ. ಗುರುವಾರದ ಸಭೆಗೆ ಬರುವವರು ಇಬ್ಬರು. ಒಬ್ಬರು ಕಾರ್ಯದರ್ಶಿ ಶಾಂತಯ್ಯನವರು. ಇನ್ನೊಬ್ಬರು ಅಧ್ಯಕ್ಷ ಗುಲಾಬಸಾಬರು. ಅಧ್ಯಕ್ಷರಿಲ್ಲದೆ ನಿಲಯದ ದೀಪ ಹಚ್ಚುವಂತಿಲ್ಲವಾದ್ದರಿಂದ ಶಾಂತಯ್ಯನವರೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರನ್ನು ತರುತ್ತಿದ್ದರು.

ನಿಲಯವೆಂದರೆ ಹಾಸ್ಟೆಲ್ ಅಲ್ಲ. (ಹಾಗೆಂದು ತಿಳಿದು ಪ್ರತಿ ಜೂನಿನಲ್ಲಿ ಯಾರಾದರೂ ಹಾಸಿಗೆ ಹೊತ್ತು ಮೆಟ್ಟಿಲೇರಿ, ಊಟ ಹೇಗಿರುತ್ತದೆ ಎಂದು ಕೇಳಿಯೇ ಕೇಳುತ್ತಾರೆ.) ಜಾತಿ, ಪಕ್ಷ ಯಾವುದನ್ನೂ ನೋಡದೆ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಂತೆ ಇರುತ್ತೇವೆಂದು ದೀಪದ ಮುಂದೆ ಆಣೆ ಮಾಡಿದವರ ಕೂಟ ಅದು. ಮಾತಿಗೆ ತಪ್ಪದೆ ಅಣ್ಣತಮ್ಮಂದಿರಂತೆಯೇ ಇದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಸದಸ್ಯರಲ್ಲಿ ಚೈತನ್ಯ ತುಂಬಲು ಶಾಂತಯ್ಯನವರು ಮಾಡದ ಭಗೀರಥ ಪ್ರಯತ್ನವಿಲ್ಲ. ‘ಸಂಘಟನೆಯಲ್ಲಿ ಸದಸ್ಯನ ಪಾತ್ರ’ ಎಂಬ ಉಪನ್ಯಾಸವನ್ನು ಮೂರು ಕಂತಿನಲ್ಲಿ ಕೊಟ್ಟರು. ಮೊದಲ ಕಂತಿಗೆ ಐವರು ಬಂದರು, ಎರಡನೆಯದಕ್ಕೆ ಇಬ್ಬರು. ಮೂರನೆಯದನ್ನು ಗುಲಾಬಸಾಬರು ಒಬ್ಬರೇ ಕೇಳಿದರು, ಅದೂ ಅರ್ಧ ನಿದ್ದೆಯಲ್ಲಿ. ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರ ಇಟ್ಟರು. ತಮ್ಮ ಸಕ್ಕರೆ ಎಷ್ಟಿದೆಯೆಂದು ನಾಲ್ಕು ಜನರ ಮುಂದೆ ಹೇಳಿಸಿಕೊಳ್ಳಲು ಯಾರೂ ತಯಾರಿರಲಿಲ್ಲ.

“ಇವತ್ತರೆ ಯಾರರೆ ಬಂದಿದ್ರೇನ್ರಿ?” ಮನೆಗೆ ಬಂದ ಗಂಡನನ್ನು ರಾಜೇಶ್ವರಿ ಕೇಳಿದಳು.

“ಹನ್ನೊಂದೂ ಕುರ್ಚಿ ಹಾಕಿದ್ದೆ.”

“ನಾ ಕುರ್ಚಿ ಕೇಳಲಿಲ್ಲ.”

“ಲಕ್ಕಪ್ಪಗ ಮೊಮ್ಮಗಳ ನಾಮಕರಣ ಇತ್ತಂತ.”

“ಆ ಕೂಸಿನ ನಾಮಕರಣ ಹೋದ ತಿಂಗಳನ ಆತಲ್ರಿ! ಎಷ್ಟ ಹೆಸರ ಇಡತಾರ ಅದಕ್ಕ? ಅಲ್ರಿ, ಮಂದಿ ಬರೂದು ನಾಕು ಮಾತಾಡಾಕ. ನೀವು ಅಜೆಂಡಾ ಓದಿ ಅವರ ಬಾಯಿ ಮುಚ್ಚಸ್ತೀರಿ.”

“ಅದು ಶಿಸ್ತಿನ ಸಂಸ್ಥಾ. ಕಟ್ಟಿ ಮ್ಯಾಲಿನ ಹರಟಿ ಅಲ್ಲ.”

“ಅದಕ್ಕ ಕಟ್ಟಿ ತುಂಬಿರತೈತಿ, ನಿಮ್ಮ ನಿಲಯ ಖಾಲಿ ಇರತೈತಿ.”

ಶಾಂತಯ್ಯನವರ ಸಂಕಟ ಹೆಂಡತಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನ ಗ್ರಂಥಾಲಯದಿಂದ ನಿವೃತ್ತರಾದ ಮೇಲೆ ಅವರು ಇಲ್ಲದಿದ್ದರೆ ನಡೆಯುವುದಿಲ್ಲ ಎನ್ನುವಂಥದ್ದು ಈ ಭೂಮಿಯ ಮೇಲೆ ನಿಲಯ ಒಂದೇ ಉಳಿದಿತ್ತು. ಅದೂ ನಿಂತುಹೋದರೆ ತಾವು ಯಾರು ಎಂದು ನೆನೆದಾಗಲೆಲ್ಲ ಅವರಿಗೆ ಭಯವಾಗುತ್ತಿತ್ತು.

ಯೋಚಿಸುತ್ತ ಕುಳಿತವರಿಗೆ ಒಂದು ಸಂಗತಿ ಹೊಳೆಯಿತು. ಹಿಂದಿನ ವರ್ಷ ನಿಲಯದ ಸದಸ್ಯ ಶಿದ್ದಪ್ಪ ತೀರಿಕೊಂಡಾಗ ಒಬ್ಬರೂ ತಪ್ಪದೆ ಬಂದಿದ್ದರು! ನಿಲಯದ ಪದ್ಧತಿಯೇ ಹಾಗಿತ್ತು. ಸದಸ್ಯನೊಬ್ಬ ಸತ್ತರೆ ಕಳಿಸುವ ಸುದ್ದಿಯಲ್ಲಿ ಹೆಸರು ಬರೆಯುವಂತಿಲ್ಲ. ‘ದೀಪವೊಂದು ಆರಿದೆ, ಬನ್ನಿರಿ’ ಎಂದಷ್ಟೇ ಬರೆಯಬೇಕು. ಎಲ್ಲರೂ ಕೂಡಿದ ಮೇಲೆ ಅಧ್ಯಕ್ಷರು ದೀಪ ಹಚ್ಚಿ ಹಾಜರಿ ಕೂಗುತ್ತಾರೆ. ಓಗೊಡದ ಹೆಸರನ್ನು ಮೂರು ಸಲ ಕರೆದು ದೀಪ ಆರಿಸುತ್ತಾರೆ. ಅತ್ತರೆ ಅಳುವುದು ಆಮೇಲೆ.

ಮರುವಾರ ರಾಜೇಶ್ವರಿ ಮುಗದ ಊರಿನಲ್ಲಿರುವ ತಂಗಿಯ ಮನೆಗೆ ಹೋದ ದಿನವೇ ಶಾಂತಯ್ಯನವರು ವಾಟ್ಸಾಪ್ ಗುಂಪಿನಲ್ಲಿ ಆ ಒಂದು ಸಾಲು ಹಾಕಿಬಿಟ್ಟರು. ಸುಳ್ಳೇನಲ್ಲವಲ್ಲ, ಸದಸ್ಯರ ಉತ್ಸಾಹವೆಂಬ ದೀಪ ಆರಿದ್ದು ಖರೆಯೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಯಾರಾದರೂ ಫೋನ್ ಮಾಡಿ ಕೇಳಿದರೆ ಬಾಯಲ್ಲಿ ಸುಳ್ಳು ಬರಬಾರದೆಂದು ಮೊಬೈಲ್ ಬಂದ್ ಮಾಡಿದರು. ಮೂರು ಪುಟದ ಭಾಷಣ ಬರೆದುಕೊಂಡು ಮಧ್ಯಾಹ್ನವೇ ನಿಲಯಕ್ಕೆ ಹೋಗಿ ಕುರ್ಚಿ ಒರೆಸತೊಡಗಿದರು.

ಆ ಹೊತ್ತಿಗೆ ಊರಿನಲ್ಲಿ ಹತ್ತು ಮಂದಿ ಒಬ್ಬರಿಗೊಬ್ಬರು ಫೋನ್ ಮಾಡಿ, ಎತ್ತಿದವನು ಬದುಕಿದ್ದಾನೆಂದು ಲೆಕ್ಕ ಹಾಕುತ್ತಿದ್ದರು. ಎತ್ತದವರು ಒಬ್ಬರೇ. ಲಕ್ಕಪ್ಪ ಓಡಿಹೋಗಿ ನೋಡಿದರೆ ಶಾಂತಯ್ಯನವರ ಮನೆಗೆ ಕೀಲಿ. ಐದು ಗಂಟೆಯಾದರೂ ಸ್ಕೂಟರ್ ಬರದಿದ್ದಾಗ ಗುಲಾಬಸಾಬರಿಗೂ ಖಾತ್ರಿಯಾಯಿತು.

ಐದೂವರೆಗೆ ಮೆಟ್ಟಿಲ ಮೇಲೆ ಹತ್ತು ಜೊತೆ ಕಾಲಿನ ಸಪ್ಪಳ ಕೇಳಿ ಶಾಂತಯ್ಯನವರ ಎದೆ ಉಬ್ಬಿತು. ಮುಂದೆ ಬಂದ ಗುಲಾಬಸಾಬರು ಕಣ್ಣೊರೆಸಿಕೊಳ್ಳುತ್ತ, ಅತ್ತಿತ್ತ ನೋಡದೆ ನೇರ ಹೋಗಿ ದೀಪ ಹಚ್ಚಿದರು. ಹಿಂದೆ ಚೆಂಡುಹೂವಿನ ಮಾಲೆ ಹಿಡಿದ ಲಕ್ಕಪ್ಪ. ಅವನ ಹಿಂದೆ ಅಸ್ಫಾಕನ ಕೈಯಲ್ಲಿ ಕಟ್ಟು ಹಾಕಿಸಿದ ಫೋಟೊ. ಫೋಟೊದಲ್ಲಿ ಶಾಂತಯ್ಯನವರು ನಗುತ್ತಿದ್ದರು.

“ಅಯ್ಯ ಶಿವನ!” ಲಕ್ಕಪ್ಪನ ಕೈಯಿಂದ ಮಾಲೆ ಜಾರಿತು. “ನೀವು ಇದ್ದೀರಿ?”

“ಇದ್ದೇನಿ,” ಎಂದರು ಶಾಂತಯ್ಯನವರು, ತಪ್ಪು ಒಪ್ಪಿಕೊಂಡಂತೆ.

ಅಸ್ಫಾಕ ತಲೆ ಎಣಿಸಿದ. “ಹನ್ನೊಂದೂ ಮಂದಿ ಅದೇವಲ್ರಿ. ಹಂಗಾರ ಹೋದವರು ಯಾರು?”

“ನಮ್ಮ ಉತ್ಸಾಹ!” ಎಂದು ಶಾಂತಯ್ಯನವರು ಕಿಸೆಯಿಂದ ಮೂರು ಪುಟ ತೆಗೆದರು.

ಯಾರೂ ನಗಲಿಲ್ಲ. ಲಕ್ಕಪ್ಪ ಕುರ್ಚಿಯ ಮೇಲೆ ಕುಸಿದು ಕುಳಿತ. “ನಾ ದಾರ್ಯಾಗ ಅತ್ತೇನ್ರಿ. ಖರೇನ ಅತ್ತೇನಿ. ನಮ್ಮಪ್ಪ ಸತ್ತಾಗನೂ ಇಷ್ಟ ಅತ್ತಿದ್ದಿಲ್ಲ. ಈಗ ಆ ಕಣ್ಣೀರ ಯಾರ ಹೆಸರಿಗೆ ಹಚ್ಚಲಿ, ಹೇಳ್ರಿ.”

ಶಾಂತಯ್ಯನವರಿಗೆ ಮೊದಲ ಸಲ ತಾವು ಮಾಡಿದ್ದು ಹೊಲಸು ಕೆಲಸವೆನಿಸಿತು. ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡರು.

“ದೀಪ ಹಚ್ಚೇನಿ,” ಎಂದರು ಗುಲಾಬಸಾಬರು ಮೆಲ್ಲಗೆ. “ಹೆಸರ ಕರೀಲಾರದ ಆರಿಸುವಂಗಿಲ್ಲ. ಯಾರ ಹೆಸರ ಕರೀಲಿ?”

ಲಕ್ಕಪ್ಪ ತಲೆ ಎತ್ತಿದ. “ಎಲ್ಲಾರೂ ಹಾಜರಿದ್ರ ಮಾತ್ರ ನಿಲಯ ಮುಚ್ಚಬೇಕಂತ ನಿಯಮ ಐತಿ, ಹೌದಲ್ರಿ?”

ಹೌದು. ಒಂಬತ್ತು ವರ್ಷದ ಹಿಂದೆ ಆ ನಿಯಮ ಬರೆದವರು ಶಾಂತಯ್ಯನವರೇ. ಎಲ್ಲರೂ ಎಂದಿಗೂ ಬರುವುದಿಲ್ಲ, ನಿಲಯ ಎಂದಿಗೂ ಮುಚ್ಚುವುದಿಲ್ಲ ಎಂಬ ಧೈರ್ಯ ಅವರದು.

“ಸಿಟ್ಟಾಗಬ್ಯಾಡ್ರಿ,” ಎಂದ ಅಸ್ಫಾಕ. “ನಿಮ್ಮ ಮುಖಾ ನೋಡಿ ಇಷ್ಟ ದಿನಾ ಹೆಸರ ಇಟಗೊಂಡಿದ್ವಿ. ನೀವು ಹೋದ್ರಿ ಅಂತ ತಿಳದು ಮುಚ್ಚೂದು ದಾರ್ಯಾಗನ ಮಾತಾಡಿ ಮುಗಿಸೇವಿ.”

ಹತ್ತು ಕೈ ಮೇಲೆದ್ದವು. ಗುಲಾಬಸಾಬರ ಕೈ ಎಲ್ಲರಿಗಿಂತ ತಡವಾಗಿ ಎದ್ದಿತು, ಆದರೆ ಎದ್ದಿತು. ಅವರು ದೀಪದ ಮುಂದೆ ನಿಂತು ಕೂಗಿದರು:

“ಸಹೋದರ ನಿಲಯ!”

ಯಾರೂ ಓಗೊಡಲಿಲ್ಲ. ಎರಡನೆಯ ಸಲ ಕೂಗಿದರು. ಮೂರನೆಯ ಸಲಕ್ಕೆ ಶಾಂತಯ್ಯನವರಿಂದ ತಡೆಯಲಾಗಲಿಲ್ಲ. “ಹಾಜರ್ರಿ!” ಎಂದುಬಿಟ್ಟರು.

“ಒಬ್ಬರ ಓಗೊಟ್ರ ನಿಲಯ ಆಗೂದಿಲ್ಲಪಾ ಶಾಂತಯ್ಯ,” ಎಂದು ಗುಲಾಬಸಾಬರು ದೀಪ ಊದಿದರು.

ತಂದ ಮಾಲೆ ಹಾಳಾಗಬಾರದೆಂದು ಲಕ್ಕಪ್ಪ ಅದನ್ನು ನಿಲಯದ ಫಲಕಕ್ಕೆ ಹಾಕಿದ. ಫೋಟೊವನ್ನು ಶಾಂತಯ್ಯನವರ ಕೈಗೇ ಕೊಟ್ಟರು.

ಬಾಗಿಲು ಹಾಕಿ ಅವರು ಕೆಳಗಿಳಿದಾಗ ಹತ್ತೂ ಮಂದಿ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಶಿದ್ದಪ್ಪನ ಗೊರಕೆಯ ಕಥೆ ಹೇಳಿ ಲಕ್ಕಪ್ಪ ಎಲ್ಲರನ್ನೂ ನಗಿಸುತ್ತಿದ್ದ. ಇಷ್ಟು ವರ್ಷದಲ್ಲಿ ಆ ಜನ ಹಾಗೆ ನಕ್ಕಿದ್ದನ್ನು ಶಾಂತಯ್ಯನವರು ನೋಡಿರಲಿಲ್ಲ. ಅವರನ್ನು ಕಂಡೊಡನೆ ನಗು ನಿಂತಿತು.

“ಬರೂ ಗುರುವಾರ ನಮ್ಮ ಮನ್ಯಾಗ ಕೂಡೂದು ಅಂತ ಮಾಡೇವ್ರಿ,” ಎಂದ ಲಕ್ಕಪ್ಪ ಸಂಕೋಚದಿಂದ. “ಸುಮ್ನ, ಗಿರಮಿಟ್ಟು ಚಹಾ. ನೀವೂ ಬರ್ರಿ. ಆದರ ಅಜೆಂಡಾ ಏನೂ ತರಬ್ಯಾಡ್ರಿ.”

ಗುರುವಾರ ಸಂಜೆ ಶಾಂತಯ್ಯನವರು ಅಂಗಿ ಇಸ್ತ್ರಿ ಮಾಡಿಕೊಂಡರು, ತೊಟ್ಟರು, ಕನ್ನಡಿ ನೋಡಿದರು, ಬಿಚ್ಚಿ ಗೂಟಕ್ಕೆ ಹಾಕಿದರು.

“ಯಾಕ್ರಿ, ಹೋಗೂದಿಲ್ಲೇನು?” ರಾಜೇಶ್ವರಿ ಕೇಳಿದಳು.

“ಅಲ್ಲಿ ನನಗೇನ ಕೆಲಸಾ?”

ಆರು ಗಂಟೆಗೆ ಲಕ್ಕಪ್ಪನ ಫೋನು ಬಂತು. ಎತ್ತಿದವಳು ರಾಜೇಶ್ವರಿ.

“ಎಲ್ಲಾರೂ ಬಂದಾರ್ರಿ ವೈನಿ,” ಎಂದ ಅವನು. “ಬರದವರು ಶಾಂತಯ್ಯನವರು ಒಬ್ಬರ.”